ಹತ್ತೂಕಾಲಿನವರೆಗಿನ ಕಬಡ್ಡಿ

ಈರುಳ್ಳಿ ವಾಸನೆ ಬಂದರೆ ಎಲ್ಲರಿಗೂ ಅಡುಗೆಮನೆ ನೆನಪಾಗುತ್ತದೆ. ನನಗೆ ಟೀವಿ ನೆನಪಾಗುತ್ತದೆ. ಕಳೆದ ಭಾನುವಾರ ಕಡೂರಿನ ನಮ್ಮ ಮನೆಯ ನಡುಮನೆಯಲ್ಲಿ ಒಂದು ಚೀಲ ಈರುಳ್ಳಿ ಸುರುವಿಕೊಂಡು, ಕೊಳೆತದ್ದನ್ನು ಆರಿಸಿ ತೆಗೆಯುತ್ತ ಕೂತಿದ್ದೆ. ಆ ಘಾಟು, ಗೋಣಿಯ ಧೂಳು ಎರಡೂ ಸೇರಿ ಮೂಗಿಗೆ ಬಡಿದದ್ದೇ ತಡ, ಅಜ್ಜಂಪುರದ ನಮ್ಮ ತವರುಮನೆ ಕಣ್ಣಮುಂದೆ ಬಂತು. ನಾನು ಹೈಸ್ಕೂಲಿನಲ್ಲಿದ್ದಾಗ ಟೀವಿಯಲ್ಲಿ ಬರುತ್ತಿದ್ದ ಕಬಡ್ಡಿ ಧಾರಾವಾಹಿಯನ್ನು ಯಾರೋ ಪುಣ್ಯಾತ್ಮರು ಮೊದಲಿನಿಂದ ಮೊಬೈಲಿಗೆ ಹಾಕಿದ್ದಾರೆ ಎಂದು ಮಗಳು ಹೇಳಿ ತಿಂಗಳಾಗಿತ್ತು. ಕೈ ಒರೆಸಿಕೊಂಡು ಹುಡುಕಿದೆ. ಸಿಕ್ಕಿತು. ಮೊಬೈಲನ್ನು ಈರುಳ್ಳಿ ರಾಶಿಗೆ ಒರಗಿಸಿ ಮೊದಲನೇ ಕಂತು ಹಾಕಿದೆ.

ತೆರೆಯ ಮೇಲೆ ಒಂದು ಶಾಲೆಯ ಮೈದಾನ. ಹೊಸದಾಗಿ ಬಂದ ಕೋಚು ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಮೈದಾನ ಸುತ್ತಿಸಿದ. ಎಲ್ಲರೂ ಓಡಿ ಮುಗಿಸಿ ನೀರು ಕುಡಿದ ಮೇಲೆ, ದುಂಡಗಿನ ಒಬ್ಬ ಹುಡುಗಿ ಏದುಸಿರು ಬಿಡುತ್ತ ಕೊನೆಯವಳಾಗಿ ಬಂದಳು. ಕೋಚು ಕೈ ಹಿಂದೆ ಕಟ್ಟಿಕೊಂಡು ಅವಳ ಹತ್ತಿರ ಹೋದ, ಬಹಳ ಹೊತ್ತು ನೋಡಿದ, "ನೀನು ಇಲ್ಲೇ ಇರು" ಅಂದ. ನನ್ನ ಬೆರಳು ತಾನಾಗಿಯೇ ಹೋಗಿ ಚಿತ್ರವನ್ನು ನಿಲ್ಲಿಸಿತು. ಅಲ್ಲಿಂದ ಮುಂದೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷವಾದರೂ ಗೊತ್ತಿರಲಿಲ್ಲ. ಯಾಕೆಂದರೆ ಸರಿಯಾಗಿ ಆ ಮಾತಿಗೆ ಅಜ್ಜಂಪುರದಲ್ಲಿ ಕರೆಂಟು ಹೋಗಿತ್ತು.

ಆವತ್ತು ಕರೆಂಟು ಹೋದದ್ದಕ್ಕೆ ನನಗಿಂತ ಹೆಚ್ಚು ನೊಂದವರು ನಮ್ಮ ಕ್ರಾಫ್ಟ್ ಮೇಷ್ಟ್ರು...

ಅವರು ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರು. ಶಾಲೆಯಲ್ಲಿ ನಮಗೆ ಚಾಪೆ ಹೆಣೆಯುವುದು, ಬಣ್ಣದ ಕಾಗದದ ಹೂ, ತೆಂಗಿನ ಚಿಪ್ಪಿನ ಸೌಟು ಇಂಥವನ್ನು ಹೇಳಿಕೊಡುತ್ತಿದ್ದರು. ಸಣ್ಣ ಆಳು. ಪ್ಯಾಂಟನ್ನು ಹೊಟ್ಟೆಗಿಂತ ಎದೆಗೇ ಹತ್ತಿರವಾಗಿ ಕಟ್ಟುತ್ತಿದ್ದರು. ಜೀವಮಾನದಲ್ಲಿ ಅವರು ಓಡಿದ್ದೇನಾದರೂ ಇದ್ದರೆ ಅದು ಬಸ್ಸಿನ ಹಿಂದೆ. ಅಂಥವರ ತಲೆಗೆ ಕಬಡ್ಡಿ ಬಂದು ಕೂತದ್ದು ಹೊಟ್ಟೆಪಾಡಿಗಾಗಿ.

ಆ ವರ್ಷ ಹೆಚ್ಚುವರಿ ಮೇಷ್ಟ್ರುಗಳ ಪಟ್ಟಿ ತಯಾರಾಗುತ್ತಿತ್ತು. ಪರೀಕ್ಷೆಯೇ ಇಲ್ಲದ ವಿಷಯಕ್ಕೆ ಒಬ್ಬ ಮೇಷ್ಟ್ರು ಯಾಕೆ ಎಂದು ಮೇಲಿನಿಂದ ಪ್ರಶ್ನೆ ಬಂದಿತ್ತಂತೆ. ನಮ್ಮ ಹೆಡ್ ಮಿಸ್ಸು ಒಂದು ದಾರಿ ತೋರಿಸಿದರು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರ ಜಾಗ ಖಾಲಿ ಬಿದ್ದಿತ್ತು. ಇವರು ಹುಡುಗಿಯರ ಕಬಡ್ಡಿ ತಂಡ ಕಟ್ಟಿ, ತರೀಕೆರೆಯಲ್ಲಿ ನಡೆಯುವ ತಾಲ್ಲೂಕು ಕ್ರೀಡಾಕೂಟದಲ್ಲಿ ಒಂದೇ ಒಂದು ಆಟ ಗೆಲ್ಲಿಸಿಕೊಂಡು ಬಂದರೆ, "ಇವರು ನಮಗೆ ಬೇಕು" ಎಂದು ಬರೆದುಕೊಡುವುದು, ಇಲ್ಲದಿದ್ದರೆ ವರ್ಗ. ಆಗ ಅಜ್ಜಂಪುರ ಇನ್ನೂ ತಾಲ್ಲೂಕಾಗಿರಲಿಲ್ಲ. ಎಲ್ಲದಕ್ಕೂ ತರೀಕೆರೆಗೇ ಹೋಗಬೇಕಿತ್ತು, ಸೋಲುವುದಕ್ಕೂ.

ಮೇಷ್ಟ್ರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅವರಿಗೆ ಅಷ್ಟರಲ್ಲಾಗಲೇ ಊರೂರು ಸುತ್ತಿ ಸಾಕಾಗಿತ್ತು. ಹೋದಲ್ಲೆಲ್ಲ ಹಿತ್ತಲಲ್ಲಿ ಒಂದು ಕರಿಬೇವಿನ ಸಸಿ ನೆಡುತ್ತಿದ್ದರಂತೆ. ಒಗ್ಗರಣೆಗೆ ಕೀಳುವಷ್ಟು ಬೆಳೆಯುವ ಮೊದಲೇ ವರ್ಗ. ಅಜ್ಜಂಪುರದಲ್ಲಿ ಮಾತ್ರ ಅದು ಆಳೆತ್ತರ ಬೆಳೆದಿತ್ತು, ನಮ್ಮ ಮನೆಗೂ ಕೊಡುತ್ತಿದ್ದರು. ವರ್ಗದ ಸುದ್ದಿ ಕೇಳಿದ ದಿನ ಅಕ್ಕ ಮೇಷ್ಟ್ರಿಗೆ ಹೇಳಿದ್ದು ನಡುವಿನ ಗೋಡೆ ದಾಟಿ ನಮಗೂ ಕೇಳಿಸಿತು.

"ನಾನಂತೂ ಇಲ್ಲಿಂದ ಅಲ್ಲಾಡಲ್ಲ. ವರ್ಗ ಆದ್ರೆ ನೀವೊಬ್ರೇ ಹೋಗಿ. ಬೇಕಾದ್ರೆ ಕಾಗದ ಬರೀರಿ, ಓದ್ತೀನಿ."

ಮೇಷ್ಟ್ರಿಗೆ ಅನ್ನ ಬೇಯಿಸಿಕೊಳ್ಳಲು ಬರುತ್ತಿರಲಿಲ್ಲ. ಅವರು ಮಾರನೇ ದಿನವೇ ಶಾಲೆಯ ಬೀರುವಿನಿಂದ ಕಬಡ್ಡಿ ನಿಯಮಗಳ ಪುಸ್ತಕ ಹುಡುಕಿ ತೆಗೆದರು. ಅಂಕಣದ ಗೆರೆ ಎಷ್ಟುದ್ದ, ಎಷ್ಟಗಲ ಎಂಬುದು ಅದರಲ್ಲಿತ್ತು. ಹದಿಮೂರು ಹದಿನಾಲ್ಕರ ಹುಡುಗಿಯರನ್ನು ಆ ಗೆರೆಯೊಳಗೆ ನಿಲ್ಲಿಸುವುದು ಹೇಗೆ ಎಂಬುದು ಇರಲಿಲ್ಲ. ಮೇಷ್ಟ್ರು ಎರಡು ದಿನ ಸೀಮೆಸುಣ್ಣದ ಪುಡಿಯಲ್ಲಿ ಬಹಳ ಚೆಂದವಾಗಿ ಗೆರೆ ಎಳೆದರು. ಕ್ರಾಫ್ಟಿನವರಲ್ಲವೇ, ಮೂಲೆಗೆ ಒಂದೊಂದು ಹೂ ಬಿಡಿಸುವುದೊಂದು ಬಾಕಿ.

ಅದೇ ವಾರ ಟೀವಿಯಲ್ಲಿ ಆ ಧಾರಾವಾಹಿ ಶುರುವಾಯಿತು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹತ್ತೂವರೆ. ನಮ್ಮಪ್ಪನಿಗೆ ಈರುಳ್ಳಿ ವ್ಯಾಪಾರ. ಸುಗ್ಗಿ ಬಂತೆಂದರೆ ನಡುಮನೆ ತುಂಬ ಚೀಲ. ಬೀದಿಯವರೆಲ್ಲ ಆ ಚೀಲಗಳ ಮೇಲೆ ಕೂತೇ ನಮ್ಮ ಟೀವಿ ನೋಡುತ್ತಿದ್ದರು. ಇದ್ದ ಒಂದು ಕುರ್ಚಿ ಅಪ್ಪನದು. ಮುಂದಿನ ಚೀಲ ಮೇಷ್ಟ್ರದು. ತೊಡೆಯ ಮೇಲೆ ನೋಟ್ ಪುಸ್ತಕ, ಕೈಯಲ್ಲಿ ಪೆನ್ಸಿಲ್. ಕೋಚು ಸೀಟಿ ಊದಿದರೆ ಬರೆದುಕೊಳ್ಳುತ್ತಿದ್ದರು, ಕೆಮ್ಮಿದರೂ ಬರೆದುಕೊಳ್ಳುತ್ತಿದ್ದರು.

ಹತ್ತೂಕಾಲಿಗೆ ಕರೆಂಟು ಹೋಯಿತು. ಮೊದಲ ವಾರ ಮಾತ್ರವಲ್ಲ, ಮುಂದಿನ ವಾರವೂ ಹೋಯಿತು, ಅದರ ಮುಂದಿನ ವಾರವೂ ಹೋಯಿತು. ಗಡಿಯಾರ ಕೆಟ್ಟವರು ಅದನ್ನು ನೋಡಿ ಮುಳ್ಳು ತಿರುಗಿಸಿಕೊಳ್ಳಬಹುದಿತ್ತು. ಅಪ್ಪನದು ಒಂದು ಸಿದ್ಧಾಂತವಿತ್ತು.

"ನಮ್ ಕರೆಂಟ್ ಕಿತ್ತು ತರೀಕೆರೆಗೆ ಕೊಡ್ತಾರೆ ಕಣ್ರೀ ಮೇಷ್ಟ್ರೇ. ಅವ್ರು ಅಲ್ಲಿ ಪೂರ್ತಿ ನೋಡ್ತಾವ್ರೆ."

ಈ ಮಾತು ಮೇಷ್ಟ್ರ ಎದೆಗೆ ನೆಟ್ಟಿತು. ಅವರ ಲೆಕ್ಕದಲ್ಲಿ ತರೀಕೆರೆಯ ಹುಡುಗಿಯರಿಗೆ ಕಬಡ್ಡಿ ಪೂರ್ತಿ ಗೊತ್ತು, ನಮಗೆ ಅರ್ಧ.

ಮೊದಲ ಕಂತಿನ ಮಾರನೇ ದಿನ, ಸೋಮವಾರ, ಮೇಷ್ಟ್ರು ನಮ್ಮನ್ನೆಲ್ಲ ಮೈದಾನ ಸುತ್ತಿಸಿದರು. ಕೊನೆಯವಳು ಯಾರು ಎಂದು ಹೇಳಬೇಕಿಲ್ಲ. ಓಟದಲ್ಲಿ ನಾನು ಎಷ್ಟು ಹಿಂದೆ ಇರುತ್ತಿದ್ದೆ ಎಂದರೆ, ನೋಡಿದವರಿಗೆ ನಾನು ಮುಂದಿನ ಪಂದ್ಯದವಳು ಅನ್ನಿಸುತ್ತಿತ್ತು. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಬಂದರು. ಬಹಳ ಹೊತ್ತು ನೋಡಿದರು. ಥೇಟ್ ಆ ಕೋಚಿನ ಹಾಗೆಯೇ, "ನೀನು ಇಲ್ಲೇ ಇರು" ಅಂದರು. ಹಿಂದಿನ ದಿನ ಅದನ್ನೇ ನೋಡಿದ್ದ ನನಗೆ ಅರ್ಥವಾಗದೆ ಇರುತ್ತದೆಯೇ? ಟೀವಿಯ ಕೋಚು ಆ ದುಂಡು ಹುಡುಗಿಯಲ್ಲಿ ಯಾರಿಗೂ ಕಾಣದ್ದನ್ನು ಕಂಡಿದ್ದ. ಮೇಷ್ಟ್ರೂ ನನ್ನಲ್ಲಿ ಅದನ್ನೇ ಕಂಡಿದ್ದರು. ಹುಟ್ಟಿದಾಗಿನಿಂದ ಯಾವ ಆಟಕ್ಕೂ ಯಾರೂ ನನ್ನನ್ನು ಆರಿಸಿಕೊಂಡಿರಲಿಲ್ಲ. ಆ ದಿನ ಮನೆಗೆ ಹೇಗೆ ಹೋದೆನೋ, ಕಾಲು ನೆಲಕ್ಕೆ ತಾಗಿದ ನೆನಪಿಲ್ಲ.

ಅಪ್ಪ ಮಾತ್ರ ಬೇಲಿಯ ಹತ್ತಿರ ಮೇಷ್ಟ್ರನ್ನು ನಿಲ್ಲಿಸಿ ಕೇಳಿದರು. "ಏನ್ ಮೇಷ್ಟ್ರೇ, ನಮ್ಮುಡುಗೀನಾ? ಬೇರೆ ಯಾರೂ ಸಿಗ್ಲಿಲ್ವಾ?"

ಅಲ್ಲಿಂದ ಮುಂದೆ ನಮ್ಮ ತಂಡ ಅರ್ಧರ್ಧವಾಗಿಯೇ ಬೆಳೆಯಿತು. ಟೀವಿಯ ಕೋಚು ಪ್ರತಿ ಕಂತಿನಲ್ಲೂ ಒಂದು ಭಾಷಣ ಮಾಡುತ್ತಿದ್ದ. ಅದು ಶುರುವಾಗುತ್ತಿದ್ದದ್ದೇ ಹತ್ತೂ ಹದಿನಾಲ್ಕಕ್ಕೆ. ಹಾಗಾಗಿ ಸೋಮವಾರ ಮೇಷ್ಟ್ರು ನಮ್ಮನ್ನು ಸುತ್ತ ಕೂರಿಸಿಕೊಂಡು, ಧ್ವನಿ ತಗ್ಗಿಸಿ, "ನೀವು ಯಾಕೆ ಸೋಲ್ತೀರಿ ಗೊತ್ತಾ?" ಎಂದು ಕೇಳುತ್ತಿದ್ದರು. ನಾವು ಉಸಿರು ಹಿಡಿದು ಕಾಯುತ್ತಿದ್ದೆವು. ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು, ಆಕಾಶ ನೋಡುತ್ತಿದ್ದರು. ಕೊನೆಗೆ "ಹೋಗಿ, ನೀರು ಕುಡೀರಿ" ಅನ್ನುತ್ತಿದ್ದರು. ನಾವು ಯಾಕೆ ಸೋಲುತ್ತೇವೆ ಎಂಬುದು ಕೊನೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ.

ಪ್ರತಿ ಕಂತಿನ ಮೊದಲಲ್ಲಿ ಹಿಂದಿನ ವಾರದ ಕಥೆಯನ್ನು ಚೂರು ತೋರಿಸುತ್ತಿದ್ದರು ನಿಜ. ಆ ಚೂರಿನಲ್ಲಿ ಹುಡುಗಿಯರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಯಾಕೆ ಎಂಬುದು ಇರುತ್ತಿರಲಿಲ್ಲ. ಅಳುವುದೂ ಅಭ್ಯಾಸದ ಭಾಗ ಎಂದು ತಿಳಿದು ಮೇಷ್ಟ್ರು ಒಂದು ಸಂಜೆ ನಮಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಲ್ಲಲು ಹೇಳಿದರು. ನಮಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಮೇಷ್ಟ್ರು "ಹಾಂ, ಹಂಗೆ" ಅಂದರು.

ಬೇಸತ್ತು ಅವರು ಕಡೂರಿನಲ್ಲಿದ್ದ ಭಾಮೈದನಿಗೆ ಕಾಗದ ಬರೆದು, ಹತ್ತೂಕಾಲಿನಿಂದ ಮುಂದಿನದನ್ನು ನೋಡಿ ತಿಳಿಸಬೇಕೆಂದು ಕೇಳಿಕೊಂಡರು. ಉತ್ತರ ಬಂತು. ಅದನ್ನು ನಮಗೂ ಓದಿ ಹೇಳಿದರು. "ಹುಡುಗಿಯರು ಓಡಿದರು. ಒಬ್ಬಳು ಬಿದ್ದಳು. ಮೇಷ್ಟ್ರು ಬೈದರು. ಇಲ್ಲಿ ನಾವೆಲ್ಲರೂ ಕ್ಷೇಮ." ಅದಾದ ಮೇಲೆ ಅವರು ಭಾಮೈದನ ಸುದ್ದಿಗೆ ಹೋಗಲಿಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ಮುಂದಿನ ಕಂತುಗಳಲ್ಲಿ ಆ ದುಂಡು ಹುಡುಗಿ ಅಂಕಣದ ಪಕ್ಕದಲ್ಲಿ ಒಂದು ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಆಡುತ್ತಿರಲಿಲ್ಲ. ಮೇಷ್ಟ್ರೂ ನನಗೊಂದು ಪುಸ್ತಕ ಕೊಟ್ಟು ಪಕ್ಕದಲ್ಲಿ ಕೂರಿಸಿದರು. ವಾರಗಟ್ಟಲೆ ಕೂತೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, ನಾನು ಯಾವಾಗ ಆಡುವುದು ಎಂದು. ಮೇಷ್ಟ್ರು ಸುತ್ತಮುತ್ತ ನೋಡಿ, ಗುಟ್ಟು ಹೇಳುವವರ ಹಾಗೆ ಬಗ್ಗಿದರು.

"ನೀನು ಕೊನೇಗೆ ಕಣಮ್ಮ. ಅಲ್ಲಿ ನೋಡ್ಲಿಲ್ವಾ, ಆ ಹುಡುಗೀನೂ ಸುಮ್ನೆ ಕೂತಿಲ್ವಾ? ಅವ್ಳನ್ನ ಕೊನೇಗೆ ಅಂತ ಇಟ್ಕಂಡವ್ರೆ."

ನಾನು ನಂಬಿದೆ. ನಂಬಿದ ಮೇಲೆ ಮನೆಯಲ್ಲಿ ಉಸಿರು ಕಟ್ಟಿ "ಕಬಡ್ಡಿ ಕಬಡ್ಡಿ" ಅನ್ನುವುದು ಅಭ್ಯಾಸ ಮಾಡಿದೆ. ಓಟದಲ್ಲಿ ಹಿಂದೆ ಇರಬಹುದು, ಉಸಿರಿನಲ್ಲಿ ನನ್ನನ್ನು ಸೋಲಿಸುವವರಿರಲಿಲ್ಲ. ತರಗತಿಯಲ್ಲಿ ಮಾತಾಡಿದವರ ಹೆಸರು ಬರೆಯುವ ಲೀಡರು ನನ್ನ ಹೆಸರನ್ನು ಮನೆಯಲ್ಲೇ ಬರೆದುಕೊಂಡು ಬರುತ್ತಿದ್ದಳು.

ಕ್ರೀಡಾಕೂಟದ ದಿನ ಬಂತು. ಬಸ್ಸಿನಲ್ಲಿ ತರೀಕೆರೆಗೆ ಹೋದೆವು. ದಾರಿಯುದ್ದಕ್ಕೂ ಮೇಷ್ಟ್ರು ನೋಟ್ ಪುಸ್ತಕ ತಿರುವಿ ಹಾಕುತ್ತಿದ್ದರು. ಅಕ್ಕ ಕಟ್ಟಿಕೊಟ್ಟಿದ್ದ ಚಿತ್ರಾನ್ನವನ್ನೂ ಮುಟ್ಟಲಿಲ್ಲ. ಚೀಟಿ ಎತ್ತಿದಾಗ ಮೊದಲ ಆಟವೇ ತರೀಕೆರೆಯ ಹುಡುಗಿಯರ ಮೇಲೆ ಬಿತ್ತು. ಸೋತವರು ಅಲ್ಲಿಗೇ ಮನೆಗೆ. ಎದುರಿನವರು ಅಂಕಣಕ್ಕೆ ಇಳಿಯುವ ಮೊದಲು ಸುತ್ತ ನಿಂತು, ನೆಲ ಮುಟ್ಟಿ, ಮೂರು ಸಲ ತೊಡೆ ತಟ್ಟಿದರು. ಅದನ್ನು ನಾವು ಯಾವ ಕಂತಿನಲ್ಲೂ ನೋಡಿರಲಿಲ್ಲ.

ಮೇಷ್ಟ್ರು ನಮ್ಮ ಕಡೆ ತಿರುಗಿದರು. "ಹತ್ತೂಕಾಲಿನ ಮೇಲಿಂದು ಕಣ್ರಮ್ಮ ಅದು" ಎಂದರು.

ಆದರೂ ನಮ್ಮ ಹುಡುಗಿಯರು ಜಗ್ಗಲಿಲ್ಲ. ಹೊಲದಲ್ಲಿ ಈರುಳ್ಳಿ ಕಿತ್ತು, ಚೀಲ ಎತ್ತಿ ಬೆಳೆದ ಕೈಗಳು, ಹಿಡಿದರೆ ಬಿಡುತ್ತಿರಲಿಲ್ಲ. ಆಟ ಮುಗಿಯಲು ಇನ್ನೊಂದೇ ದಾಳಿ ಬಾಕಿ ಇದ್ದಾಗ ಅವರು ಎರಡು ಪಾಯಿಂಟು ಮುಂದಿದ್ದರು. ದಾಳಿ ನಮ್ಮದು. ಅಷ್ಟರಲ್ಲಿ ನಮ್ಮ ಒಳ್ಳೆಯ ಆಟಗಾರ್ತಿಯ ಕಾಲು ಹೊರಳಿತು. ಅವಳ ಜಾಗಕ್ಕೆ ಯಾರಾದರೂ ಇಳಿಯಬೇಕಿತ್ತು. ಪಕ್ಕದಲ್ಲಿ ಕೂತಿದ್ದವರು ಇಬ್ಬರು. ಒಬ್ಬಳು ಎಂಟನೇ ಕ್ಲಾಸಿನ ಕಡ್ಡಿ ಹುಡುಗಿ, ಗುಬ್ಬಿಯ ಹಾಗೆ ಸಿಕ್ಕದೆ ಓಡುವವಳು. ಇನ್ನೊಬ್ಬಳು ನಾನು. ತಂಡದವರೆಲ್ಲ ಅವಳ ಹೆಸರು ಕೂಗುತ್ತಿದ್ದರು. ನಾನಾಗಲೇ ಎದ್ದು ವೇಲು ಸೊಂಟಕ್ಕೆ ಕಟ್ಟಿಕೊಂಡು ನಿಂತಿದ್ದೆ. ಕೊನೆಗೆ ಎಂದಿದ್ದರಲ್ಲ, ಇದೇ ಕೊನೆ.

ಮೇಷ್ಟ್ರು ಅವಳನ್ನು ನೋಡಿದರು. ನನ್ನನ್ನು ನೋಡಿದರು. ಒಮ್ಮೆ ಕಣ್ಣು ಮುಚ್ಚಿ ತೆಗೆದರು. ಆಮೇಲೆ ನನ್ನ ಬೆನ್ನು ತಟ್ಟಿ, "ಹೋಗು ಕಣಮ್ಮ, ಉಸಿರಿರೋ ಗಂಟ ಇದ್ದು ಬಾ" ಎಂದರು. ಟೀವಿಯಲ್ಲಿ ಕೇಳಿದ್ದಲ್ಲ, ಅವರದೇ ಮಾತು.

ನಾನು ಗೆರೆ ದಾಟಿ ಒಳಗೆ ಹೋದೆ. ಎರಡು ಹೆಜ್ಜೆ ಇಟ್ಟವಳಿಗೆ ಭಯದಲ್ಲಿ ಮೂರನೇ ಹೆಜ್ಜೆ ಬರಲಿಲ್ಲ. ಅಲ್ಲೇ ನೆಟ್ಟ ಕಂಬದ ಹಾಗೆ ನಿಂತು "ಕಬಡ್ಡಿ ಕಬಡ್ಡಿ" ಅನ್ನುತ್ತಲೇ ಇದ್ದೆ. ಅವರು ನಾನು ಮುಂದೆ ಬರುವುದನ್ನು ಕಾದರು. ನಾನು ಬರಲಿಲ್ಲ. ಏನೋ ಉಪಾಯವಿದೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೂ ಸುಮ್ಮನೆ ನಿಂತಿದ್ದರೆ ಆಟ ಅವರದೇ. ಆದರೆ ತರೀಕೆರೆಯವರಿಗೆ ಅಷ್ಟು ತಾಳ್ಮೆ ಎಲ್ಲಿಯದು! ನಾಲ್ಕು ಜನ ಒಟ್ಟಿಗೇ ನನ್ನ ಮೇಲೆ ಹಾರಿದರು. ನಾನು ಬೇರೇನೂ ಮಾಡಲಿಲ್ಲ, ಬಿದ್ದೆ. ನನ್ನಂಥವಳು ಹಿಂದಕ್ಕೆ ಬೀಳಲು ತೊಡಗಿದರೆ ನಾಲ್ಕು ಜನ ಹಿಡಿದು ನಿಲ್ಲಿಸಲಾಗುವುದಿಲ್ಲ. ತಲೆ, ಭುಜ, ಎರಡು ಕೈ ಎಲ್ಲ ನಡುಗೆರೆಯ ಈಚೆಗೆ ಬಿದ್ದವು. ಬಾಯಲ್ಲಿ ಇನ್ನೂ ಕಬಡ್ಡಿ ಇತ್ತು. ಸೀಟಿ ಊದಿ ಎಷ್ಟೋ ಹೊತ್ತಾದ ಮೇಲೂ ಇತ್ತಂತೆ.

ನಾಲ್ಕು ಪಾಯಿಂಟು. ಗೆದ್ದೆವು. ಮೇಷ್ಟ್ರು ಅಂಕಣಕ್ಕೆ ಓಡಿ ಬಂದರು. ಬಸ್ಸಿಲ್ಲದೆ ಅವರು ಓಡಿದ್ದನ್ನು ನಾವು ನೋಡಿದ್ದು ಅದೊಂದೇ ಸಲ. ಮಧ್ಯಾಹ್ನದ ಆಟದಲ್ಲಿ ಬೇರೆ ಶಾಲೆಯವರು ನಮ್ಮನ್ನು ಹಿಗ್ಗಾಮುಗ್ಗಾ ಸೋಲಿಸಿದರು. ಅದರ ಚಿಂತೆ ಯಾರಿಗಿತ್ತು? ಮೇಷ್ಟ್ರು ಕೂತು ನೆಮ್ಮದಿಯಾಗಿ ಚಿತ್ರಾನ್ನ ತಿನ್ನುತ್ತಿದ್ದರು.

ಹೆಡ್ ಮಿಸ್ಸು ಕೊಟ್ಟ ಮಾತಿನಂತೆ ಬರೆದರು. ಸ್ವಲ್ಪ ಹೆಚ್ಚಾಗಿಯೇ ಬರೆದರು. ಏನೂ ಬಾರದ ಹುಡುಗಿಯರನ್ನು ತಯಾರು ಮಾಡಿ ತರೀಕೆರೆಯನ್ನೇ ಮಣಿಸಿದ ಮೇಷ್ಟ್ರು ಎಂದು ಹೊಗಳಿದರು. ಅದನ್ನು ಓದಿದ ಮೇಲಿನವರು, ಇಂಥ ಮೇಷ್ಟ್ರು ಅಜ್ಜಂಪುರದಲ್ಲಿ ಯಾಕೆ ಎಂದುಕೊಂಡು, ಅವರನ್ನು ತರೀಕೆರೆಗೇ ನಿಯೋಜಿಸಿದರು! ಆಜ್ಞೆ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಪಕ್ಕದ ಮನೆಯಿಂದ ಒಂದು ಸದ್ದೂ ಬರಲಿಲ್ಲ. ಆದರೆ ಅಕ್ಕ ಆಡಿದಂತೆಯೇ ಅಲ್ಲಾಡಲಿಲ್ಲ. ಮೇಷ್ಟ್ರು ಬುತ್ತಿ ಕಟ್ಟಿಸಿಕೊಂಡು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುವುದೆಂದಾಯಿತು. ಹಾಗೆಯೇ ನಿವೃತ್ತಿಯವರೆಗೂ ಓಡಾಡಿದರು. ಮುಂದಿನ ವರ್ಷ ತರೀಕೆರೆಯವರು ನಮ್ಮನ್ನು ಸೋಲಿಸಿದಾಗ ಎದುರು ಪಕ್ಕದಲ್ಲಿ ನಿಂತು, ನಗಬೇಕೋ ಬೇಡವೋ ತಿಳಿಯದೆ ನಮ್ಮನ್ನೇ ನೋಡುತ್ತಿದ್ದರು, ಪಾಪ...

ಇಷ್ಟೆಲ್ಲ ನೆನಪಾಗಿ, ಒಬ್ಬಳೇ ನಕ್ಕು, ಮತ್ತೆ ಮೊಬೈಲು ಒತ್ತಿದೆ. ಹತ್ತೂಕಾಲಿನ ಮೇಲಿನದು ಶುರುವಾಯಿತು. ಕೋಚು ಉಳಿದ ಹುಡುಗಿಯರನ್ನೆಲ್ಲ ಅಂಕಣಕ್ಕೆ ಕಳಿಸಿದ. ಆಮೇಲೆ ಆ ದುಂಡು ಹುಡುಗಿಗೆ, ಬಹಳ ಮೆತ್ತಗೆ, ಈ ಆಟ ನಿನ್ನಿಂದಾಗುವುದಿಲ್ಲ ಎಂದ. ಬೇಕಿದ್ದರೆ ಪಕ್ಕದಲ್ಲಿ ಕೂತು ಪಾಯಿಂಟು ಬರೆಯಬಹುದು ಎಂದ. ಅವಳು ತಲೆಯಾಡಿಸಿ ಪುಸ್ತಕ ತೆಗೆದುಕೊಂಡಳು. ಅಷ್ಟೇ. ಅವಳನ್ನು ಯಾರೂ ಯಾವ ಕೊನೆಗೂ ಇಟ್ಟುಕೊಂಡಿರಲಿಲ್ಲ.

ನನಗೆ ನಗು ಉಕ್ಕಿ ಬಂತು. ನಾನು ಕಬಡ್ಡಿ ಆಡಿದ್ದು ಕರೆಂಟು ಹೋದದ್ದರಿಂದ! ಈ ತಮಾಷೆಯನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದು ಹೋಗುತ್ತದೆ ಅನ್ನಿಸಿತು. ಮೇಷ್ಟ್ರು ತೀರಿಕೊಂಡು ಮೂರು ವರ್ಷವಾಯಿತು. ಅಜ್ಜಂಪುರಕ್ಕೆ, ಅಕ್ಕನಿಗೇ ಫೋನು ಮಾಡಿದೆ. ಹೇಳಿದೆ, ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ.

"ಅದು ಅವ್ರಿಗೆ ಗೊತ್ತಿತ್ತು ಕಣೇ" ಎಂದರು ಅಕ್ಕ. "ಆ ಭಾನುವಾರ ನಾನು ಹಿರೇನಲ್ಲೂರಲ್ಲಿ ನಮ್ಮಮ್ಮನ ಮನೇಲಿದ್ದೆ. ಅಲ್ಲಿ ಕರೆಂಟ್ ಇತ್ತು, ಪೂರ್ತಿ ನೋಡಿದ್ದೆ. ಸೋಮವಾರ ಸಾಯಂಕಾಲ ಬಂದು ಹೇಳ್ದೆ. ಅಷ್ಟೊತ್ತಿಗೆ ನಿಂಗೆ ಇರು ಅಂದ್ಬಿಟ್ಟಿದ್ರಲ್ಲ. ನಾಳೆ ಹೋಗಿ ಬೇಡ ಅನ್ರೀ, ನಮ್ ಗತಿ ನೋಡ್ಕೊಳ್ರೀ ಅಂತ ನಾನೂ ಜಗಳಾಡ್ದೆ. ಆಗಲ್ಲ ಅಂದ್ರು. 'ಆ ಮಗು ಮನೇಗೆ ಹೆಂಗೆ ಹಾರ್ಕೊಂಡು ಹೋಯ್ತು ನೀನು ನೋಡ್ಲಿಲ್ಲ, ಸೋತ್ರೆ ವರ್ಗ ಆಗ್ಲಿ ಬಿಡು' ಅಂದ್ರು."

ಅಂಕಣದ ಪಕ್ಕದಲ್ಲಿ ಬಗ್ಗಿ ಅವರು ಹೇಳಿದ ಗುಟ್ಟು ಸುಳ್ಳಾಗಿತ್ತು. ಗುಬ್ಬಿಯಂಥ ಆ ಹುಡುಗಿಯನ್ನು ಬಿಟ್ಟು ನನ್ನ ಬೆನ್ನು ತಟ್ಟಿದಾಗ, ಅದು ಎಂಥ ತಪ್ಪು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕಳಿಸಿದ್ದರು. ಆಮೇಲೆ ಅಷ್ಟು ವರ್ಷ ಪಕ್ಕದ ಮನೆಯಲ್ಲೇ ಇದ್ದರೂ ಒಂದು ದಿನವೂ ಬಾಯಿ ಬಿಡಲಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ಅವರ ಅರ್ಧ ಭಾಷಣವನ್ನು ಅವರ ಮುಂದೆಯೇ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಅವರೂ ನಗುತ್ತಿದ್ದರು. ತೀರಿಕೊಂಡ ದಿನ ಹೋಗಿ ಒಂದು ಹಾರ ಹಾಕಿ, ನಾಲ್ಕು ಮಾತಾಡಿ, ಮಧ್ಯಾಹ್ನದ ಬಸ್ಸಿಗೆ ಬಂದುಬಿಟ್ಟಿದ್ದೆ, ಒಬ್ಬ ತಮಾಷೆಯ ಮನುಷ್ಯ ಹೋದರು ಎಂದುಕೊಂಡು.

"ಕೇಳ್ತಿದೀಯೇನೇ?" ಎಂದರು ಅಕ್ಕ.

ಕೇಳುತ್ತಿದ್ದೆ. ಫೋನನ್ನು ಮೇಷ್ಟ್ರಿಗೆ ಒಂದೇ ಒಂದು ನಿಮಿಷ ಕೊಡಿ ಅಕ್ಕ, ಎಂದು ಬಾಯಿಯವರೆಗೆ ಬಂದುಬಿಟ್ಟಿತ್ತು.